ಸಹಾಯ ಬೇಕು: ಆರ್ಕೇಡ್ ಕ್ಯಾಬಿನೆಟ್‌ನ ಸಿಆರ್‌ಟಿ ಮಾನಿಟರ್‌ನಲ್ಲಿ ಬಣ್ಣಗಳು ಅಂಚಿಗೆ ಕೂಡುತ್ತಿಲ್ಲ

ಮನೆಯಲ್ಲಿಯೇ ಕಟ್ಟಿಕೊಂಡ ಆರ್ಕೇಡ್ ಕ್ಯಾಬಿನೆಟ್‌ನೊಳಗೆ, ಉದ್ದ ಪರದೆಯ ಆಟಗಳಿಗಾಗಿ, 19 ಇಂಚಿನ ಹಳೆಯ ಸಿಆರ್‌ಟಿ (ಪಿಕ್ಚರ್ ಟ್ಯೂಬ್) ಮಾನಿಟರನ್ನು 90 ಡಿಗ್ರಿ ತಿರುಗಿಸಿ ಕೂರಿಸಿದ್ದೇನೆ. ವಿದ್ಯುತ್ತನ್ನು ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಮೂಲಕವೇ ಕೊಟ್ಟಿದ್ದೇನೆ. ಕಂಪ್ಯೂಟರಿನ ಸಿಗ್ನಲ್ಲನ್ನು 15.7 ಕಿಲೋಹರ್ಟ್ಸ್‌ಗೆ ಹೊಂದಿಸಿದ ಮೇಲೆ ಚಿತ್ರ ಉರುಳದೆ ನಿಂತಿದೆ.

ತೊಂದರೆ ಇರುವುದು ಬಣ್ಣದಲ್ಲಿ. ಮಾನಿಟರ್ ತಿರುಗಿಸಿದ ಕೂಡಲೇ ಒಂದು ಮೂಲೆಯಲ್ಲಿ ನೇರಳೆ ಕಲೆ ಕಾಣಿಸಿಕೊಂಡಿತ್ತು. ಪರದೆಗೆ ಅಂಟಿದ ಕಾಂತತ್ವವನ್ನು ಕಳೆಯುವ ಡಿಗಾಸಿಂಗ್ ಕಾಯಿಲ್ ಆಡಿಸಿದ ಮೇಲೆ ಅದು ಹೋಯಿತು. ಆದರೆ ಚೌಕಳಿ ಗೆರೆಗಳ ಪರೀಕ್ಷಾ ಚಿತ್ರವನ್ನು ಹಾಕಿದಾಗ, ನಡುವೆ ಕೂದಲೆಳೆಯಷ್ಟು ಚೊಕ್ಕಟವಾಗಿರುವ ಬಿಳಿ ಗೆರೆಯು ಎಡ ಅಂಚಿಗೆ ಬರುತ್ತಿದ್ದಂತೆ ಒಡೆದು, ಕೆಂಪು ಮತ್ತು ನೀಲಿ ಗೆರೆಗಳು ಸುಮಾರು 2 ಮಿಲಿಮೀಟರ್ ದೂರವಾಗುತ್ತವೆ. ಟ್ಯೂಬಿನ ಕುತ್ತಿಗೆಯ ಮೇಲಿರುವ ಕನ್ವರ್ಜೆನ್ಸ್ (ಮೂರು ಬಣ್ಣಗಳನ್ನು ಒಂದೆಡೆ ಕೂಡಿಸುವ) ಉಂಗುರಗಳು ಮುಖ್ಯವಾಗಿ ನಡುಭಾಗವನ್ನು ಸರಿಪಡಿಸಲು ಇರುವಂಥವು, ಆ ಭಾಗ ಸರಿಯಾಗಿಯೇ ಇದೆ. ಹಾಗಾಗಿ ಅವುಗಳ ತಂಟೆಗೆ ನಾನು ಹೋಗಿಲ್ಲ. ನನ್ನ ಅನುಮಾನವೆಲ್ಲ ಯೋಕ್‌ನ (ಎಲೆಕ್ಟ್ರಾನ್ ಕಿರಣಗಳನ್ನು ಬಾಗಿಸುವ ಸುರುಳಿಯ) ಮೇಲಿದೆ, ಏಕೆಂದರೆ ಅದರ ಓರೆಯನ್ನು ಹಿಡಿದಿಡುವ ಮೂರು ರಬ್ಬರ್ ಬೆಣೆಗಳಲ್ಲಿ ಒಂದು ಅಂಟು ಬಿಟ್ಟು, ಬೆರಳು ತಾಗಿದರೆ ಅಲುಗಾಡುತ್ತಿದೆ.

ಈ ಬೆಣೆಯನ್ನು ಮತ್ತೆ ಕೂರಿಸುವಾಗ ಯೋಕ್‌ನ ಕ್ಲ್ಯಾಂಪ್ ಸಡಿಲಿಸದೆಯೇ ಓರೆಯನ್ನು ಹೊಂದಿಸಬಹುದೇ? ಯೋಕ್ ತುಸು ಹಿಂದೆ ಮುಂದೆ ಸರಿದುಬಿಟ್ಟರೆ ಪ್ಯೂರಿಟಿಯನ್ನು (ಪ್ರತಿ ಕಿರಣವೂ ತನ್ನ ಬಣ್ಣದ ಚುಕ್ಕೆಗಳ ಮೇಲೆಯೇ ಬೀಳುವಂತೆ ಮಾಡುವ ಹೊಂದಾಣಿಕೆಯನ್ನು) ಮೊದಲಿನಿಂದ ಮಾಡಬೇಕೇ? ಬೆಣೆಯಿಂದಲೂ ಸರಿಹೋಗದಿದ್ದಲ್ಲಿ, ಯೋಕ್‌ನ ಅಡಿಗೆ ಕಾಂತಪಟ್ಟಿಯನ್ನು ತೂರಿಸುವ ವಿಧಾನವನ್ನು ಸ್ವತಃ ಮಾಡಿ ನೋಡಿದವರು ಅದರ ಕ್ರಮವನ್ನು ವಿವರಿಸಬೇಕೆಂದು ಕೋರುತ್ತೇನೆ. ಟ್ಯೂಬಿನ ಆನೋಡ್‌ನಲ್ಲಿ (ಧನ ತುದಿಯಲ್ಲಿ) ಉಳಿಯುವ ಹೈವೋಲ್ಟೇಜ್ ಇಳಿಸುವ ಕ್ರಮ ನನಗೆ ಗೊತ್ತಿದೆ. ಆ ಎಚ್ಚರಿಕೆಯನ್ನು ಮತ್ತೆ ಬರೆಯುವ ಶ್ರಮ ಬೇಡ.