ರೋಪ್ ಆಕ್ಸೆಸ್ ಮತ್ತು ರೆಸ್ಕ್ಯೂಗೆ ಸ್ಟ್ಯಾಟಿಕ್ ಹಗ್ಗ: ಯಾವುದು ತಗೊಳ್ಳೋದು?

ಗೋಡೆಗುಂಟ:
ನಮ್ಮ ತಂಡಕ್ಕೆ ಹೊಸ ಸ್ಟ್ಯಾಟಿಕ್ ಹಗ್ಗ (ಭಾರ ಬಿದ್ದರೂ ಹೆಚ್ಚು ಹಿಗ್ಗದ ಹಗ್ಗ) ಬೇಕು. 60 ಮೀಟರ್‌ವರೆಗೆ ಇಳಿದು ಕಟ್ಟಡದ ಹೊರಗೋಡೆ ಮೇಲೆ ಕೆಲಸ ಮಾಡ್ತೇವೆ. ಯಾರಾದರೂ ಮಧ್ಯದಲ್ಲಿ ಸಿಕ್ಕಿಕೊಂಡರೆ ಅವರನ್ನು ಇಳಿಸುವುದೂ ಅದೇ ಹಗ್ಗದಲ್ಲಿ. ಒಬ್ಬರು 9 ಮಿ.ಮೀ. ಹಗುರ, ಅದೇ ಸಾಕು ಅಂತಾರೆ. ಇನ್ನೊಬ್ಬರು ಹಿಗ್ಗೋದು ಎಷ್ಟು ಕಡಿಮೆಯೋ ಅಷ್ಟು ಒಳ್ಳೇದು ಅಂತಾರೆ. ನಿಜವಾ?

ಎಂಟರಗಂಟು:
ಮೊದಲು ನಿಮ್ಮ ಡಿಸೆಂಡರ್ (ಹಗ್ಗ ಹಿಡಿದು ನಿಧಾನವಾಗಿ ಇಳಿಸುವ ಸಾಧನ) ಕೈಗೆ ತಗೊಂಡು ನೋಡಿ. ಎಷ್ಟರಿಂದ ಎಷ್ಟು ಮಿ.ಮೀ. ಹಗ್ಗ ಹಾಕಬಹುದು ಅಂತ ಅದರ ಮೇಲೇ ಬರೆದಿರುತ್ತದೆ. ಜಾರಿದರೆ ಹಿಡಿದು ನಿಲ್ಲಿಸುವ ಬ್ಯಾಕಪ್ ಡಿವೈಸ್ ಮೇಲೂ ನೋಡಿ. ಎರಡಕ್ಕೂ ಹೊಂದುವ ದಪ್ಪ ಮಾತ್ರ ನಿಮ್ಮ ಲೆಕ್ಕಕ್ಕೆ. ಹಗ್ಗ ತೆಳುವಾದರೆ ಡಿವೈಸ್ ಸರಿಯಾಗಿ ಹಿಡಿಯದೆ ಜಾರಬಹುದು, ಅದೂ ಇಬ್ಬರ ಭಾರ ಇರುವಾಗ.

ಆಮೇಲೆ ಲೇಬಲ್. ಇಎನ್ 1891 (ಇಂಥ ಹಗ್ಗಗಳ ಯುರೋಪಿಯನ್ ಮಾನದಂಡ) ಟೈಪ್ ಎ ಅಂತ ಇರಬೇಕು. ಟೈಪ್ ಎ ಹಗ್ಗ ಕನಿಷ್ಠ 22 ಕಿಲೋನ್ಯೂಟನ್ (ಸುಮಾರು 2,200 ಕೆ.ಜಿ. ತೂಗಿದಷ್ಟು ಎಳೆತ) ತಡೆಯಬೇಕು, ಎಂಟರ ಗಂಟು ಹಾಕಿ ಎಳೆದಾಗ 15. ಟೈಪ್ ಬಿಗೆ ಇದು 18 ಮತ್ತು 12. 9 ಮಿ.ಮೀ. ಹಗ್ಗಗಳು ಸಾಮಾನ್ಯವಾಗಿ ಟೈಪ್ ಬಿ. ದಿನಾ ಗೋಡೆ ಅಂಚಿಗೆ ಉಜ್ಜುವ ಕೆಲಸಕ್ಕೆ ಅದು ಬೇಡವೇ ಬೇಡ. ನಾನಾದರೆ 11 ತಗೊಳ್ತೇನೆ. ಒಳಗಿನ ಎಳೆಗಳನ್ನು ಕಾಯೋದು ಮೇಲಿನ ಹೆಣಿಗೆ, ಅದು ದಪ್ಪ ಇದ್ದಷ್ಟೂ ಜಾಸ್ತಿ ದಿನ ಬಾಳುತ್ತದೆ.

ಅಂಚುಕಾವಲು:
ಹಿಗ್ಗುವ ವಿಷಯಕ್ಕೆ ಬರ್ತೇನೆ. ಭಾರ 50 ಕೆ.ಜಿ.ಯಿಂದ 150 ಕೆ.ಜಿ.ಗೆ ಏರಿದಾಗ ಹಗ್ಗ 5%ಗಿಂತ ಜಾಸ್ತಿ ಹಿಗ್ಗಬಾರದು ಅನ್ನೋದು ಇಎನ್ 1891 ನಿಯಮ. 3% ಹಿಗ್ಗುವ ಹಗ್ಗ ಅಂದುಕೊಳ್ಳಿ. 60 ಮೀಟರ್ ಕೆಳಗೆ ಅದು 1.8 ಮೀಟರ್ ಆಯ್ತು! ಗಾಯಗೊಂಡವರ ಭಾರ ನಿಮ್ಮ ಹಗ್ಗಕ್ಕೆ ಬಂದ ಕೂಡಲೇ ಇಬ್ಬರೂ ಅಷ್ಟು ಕೆಳಗೆ ಜಗ್ಗಿದರೆ ಕೆಳಗೇನಿದೆ ಅಂತ ಮೊದಲೇ ನೋಡಿರಬೇಕು ಅಲ್ವಾ? ಜಾಸ್ತಿ ಹಿಗ್ಗುವ ಹಗ್ಗ ಮೇಲೆ ಅಂಚಿನಲ್ಲೂ ಹಿಂದೆ ಮುಂದೆ ಉಜ್ಜುತ್ತಿರುತ್ತದೆ. ಅಂಚಿಗೆ ಪ್ರೊಟೆಕ್ಟರ್ ಹಾಕಲೇಬೇಕು.

ಹಾಗಂತ ಹಿಗ್ಗದೇ ಇರುವ ಹಗ್ಗ ಹುಡುಕಬೇಡಿ. ಬಿದ್ದಾಗ ಹಗ್ಗ ಸ್ವಲ್ಪವಾದರೂ ಹಿಗ್ಗದಿದ್ದರೆ ಆ ಪೆಟ್ಟೆಲ್ಲ ಮೈಗೆ ಮತ್ತು ಆಂಕರ್‌ಗೆ (ಹಗ್ಗ ಕಟ್ಟಿದ ಜಾಗಕ್ಕೆ) ಬೀಳುತ್ತದೆ. ಆಂಕರ್‌ಗಿಂತ ಮೇಲೆ ಹತ್ತುವ ಕೆಲಸ ಇದ್ದರೆ ಬಿದ್ದಾಗ ಹಿಗ್ಗಿ ಪೆಟ್ಟು ತಗ್ಗಿಸುವ ಇಎನ್ 892 ಡೈನಮಿಕ್ ಹಗ್ಗವೇ ಬೇಕು, ಅಲ್ಲಿ ಸ್ಟ್ಯಾಟಿಕ್ ಯಾವತ್ತೂ ಬೇಡ.

ಗೋಡೆಗುಂಟ:
ಥ್ಯಾಂಕ್ಸ್, 11ಕ್ಕೇ ಹೋಗ್ತೇವೆ. ನೈಲಾನಾ, ಪಾಲಿಯೆಸ್ಟರಾ? ಗೋಡೆ ತೊಳೆಯಲು ಕೆಲವೊಮ್ಮೆ ಆಸಿಡ್ ಇರುವ ಕ್ಲೀನರ್ ಬಳಸ್ತೇವೆ.

ಎಂಟರಗಂಟು:
ಆಸಿಡ್ ನೈಲಾನನ್ನು ತಿನ್ನುತ್ತದೆ, ಹೊರಗಿಂದ ಗೊತ್ತೇ ಆಗದಿರಬಹುದು. ಪಾಲಿಯೆಸ್ಟರ್ ಆಸಿಡ್‌ಗೆ ಎಷ್ಟೋ ಮೇಲು, ಆದರೆ ಅದಕ್ಕೆ ಕ್ಷಾರ ಆಗಲ್ಲ. ಯಾವ ಕ್ಲೀನರ್ ಅಂತ ಹಗ್ಗದ ಕಂಪನಿಗೇ ಬರೆದು ಕೇಳಿ. ಹಗ್ಗಕ್ಕೆ ಆಸಿಡ್ ತಾಗಿದೆ ಅಂತ ಅನುಮಾನ ಬಂದರೂ ಸಾಕು, ಅದನ್ನು ಕತ್ತರಿಸಿ ಎಸೆಯಿರಿ.

ಅಂಚುಕಾವಲು:
ಇನ್ನೊಂದು. ನೈಲಾನ್ ನೀರು ಕುಡಿದು ಕುಗ್ಗುತ್ತದೆ. ಕಂಪನಿಯವರು ಹೇಳಿದ್ದರೆ ಮೊದಲು ನೆನೆಸಿ, ನೆರಳಲ್ಲಿ ಒಣಗಿಸಿ, ಆಮೇಲೆ ಅಳೆದು ಕತ್ತರಿಸಿ. ಪ್ರತಿ ಸಲ ಕೆಲಸಕ್ಕೆ ಮುಂಚೆ ಇಡೀ ಹಗ್ಗವನ್ನು ಬರಿಗೈಯಲ್ಲಿ ಗೇಣು ಗೇಣಾಗಿ ಬಗ್ಗಿಸಿ ನೋಡಿ. ಒಳ್ಳೆ ಹಗ್ಗ ದುಂಡಗೆ ಬಳುಕುತ್ತದೆ. ಎಲ್ಲಾದರೂ ಚೂಪಾಗಿ ಮಡಚಿಕೊಂಡರೆ, ಅಥವಾ ಮೆತ್ತಗೆ ಚಪ್ಪಟೆ ಅನ್ನಿಸಿದರೆ, ಒಳಗಿನ ಎಳೆ ಹೋಗಿದೆ ಅಂತಲೇ ತಿಳ್ಕೊಳ್ಳಿ. ಆ ಹಗ್ಗದ ಮೇಲೆ ಯಾರನ್ನೂ ಇಳಿಸಬೇಡಿ.