ಸಹಿ ಇಲ್ಲದ ಓವಾರಿ ತ್ಸುಬಾ ಕೊಟ್ಟು ಸೋಮಿನ್ ಸಹಿ ಇರೋ ಫುಚಿ-ಕಶಿರಾ ತಗೋಬಹುದಾ? ತುಕ್ಕಿನ ಬಗ್ಗೆನೂ ಹೇಳಿ

ನಗೋಯಾವಾಸಿ:
ಎಲ್ರಿಗೂ ನಮಸ್ಕಾರ. ಕೆಲಸಕ್ಕೆ ಅಂತ ನಗೋಯಾಗೆ ಬಂದು ನಾಲ್ಕು ವರ್ಷ ಆಯ್ತು, ಎರಡು ವರ್ಷದಿಂದ ಹಳೆ ಜಪಾನಿ ಕತ್ತಿಯ ಬಿಡಿ ಸಾಮಾನಿನ ಹುಚ್ಚು ಹಿಡಿದಿದೆ. ಕತ್ತಿ ತಗೊಳೋಷ್ಟು ದುಡ್ಡಿಲ್ಲ, ಅಲಗಿಗಾದ್ರೆ ನೋಂದಣಿ ಕಾರ್ಡು ಅದು ಇದು ಅಂತ ಇರತ್ತೆ, ಬಿಡಿ ಸಾಮಾನಿಗೆ ಅದೇನೂ ಬೇಡ. ಎಲ್ಲಕ್ಕಿಂತ ನಂಗೆ ಇಷ್ಟ ತ್ಸುಬಾ, ಅಂದ್ರೆ ಹಿಡಿಗೂ ಅಲಗಿಗೂ ಮಧ್ಯ ಕೂರೋ ತಟ್ಟೆ. ಅಂಗೈಯಷ್ಟು ಕಬ್ಬಿಣದಲ್ಲಿ ಆ ಕಸುಬಿನವರು ಏನೆಲ್ಲ ಮಾಡಿಟ್ಟಿದಾರೆ ಅಂತ ನೋಡ್ತಾ ಕೂತ್ರೆ ಹೊತ್ತು ಹೋಗೋದೇ ಗೊತ್ತಾಗಲ್ಲ.

ಓಸು ಕನ್ನೊನ್ ದೇವಸ್ಥಾನದ ಅಂಗಳದಲ್ಲಿ ಪ್ರತಿ ತಿಂಗಳು 18ಕ್ಕೆ ಮತ್ತೆ 28ಕ್ಕೆ ಹಳೆ ಸಾಮಾನಿನ ಸಂತೆ ಸೇರತ್ತಲ್ಲ, ಅಲ್ಲಿ ಹೋದ ತಿಂಗಳು 42,000 ಯೆನ್ ಕೊಟ್ಟು ಒಂದು ಸುಕಾಶಿ ತ್ಸುಬಾ ತಗೊಂಡೆ, ಅಂದ್ರೆ ತಟ್ಟೆ ಕೊರೆದು ಜಾಲಿ ಥರ ಮಾಡಿರೋದು. ಅಗಲ 7.8 ಸೆಂಟಿಮೀಟರ್, ದಪ್ಪ 5 ಮಿಲಿಮೀಟರ್, ಸಹಿ ಇಲ್ಲ. ಎಡಬಲ ಒಂದೇ ಸಮ ಇರೋ ಗಟ್ಟಿಮುಟ್ಟು ಡಿಸೈನು, ಕಬ್ಬಿಣ ಕಪ್ಪಲ್ಲಿ ಸ್ವಲ್ಪ ನೇರಳೆ ಹೊಡೆಯತ್ತೆ, ಅಂಚಲ್ಲಿ ಬೆರಳು ಆಡಿಸಿದ್ರೆ ಸಣ್ಣ ಸಣ್ಣ ಗಂಟು ಸಿಗತ್ತೆ. ಕೊಟ್ಟವರು ಓವಾರಿ ಅಂದ್ರು, ಅಂದ್ರೆ ಇದೇ ನಗೋಯಾ ಸೀಮೆದು. ಎರಡು ಕಡೆ ಮಾತ್ರ ಕೆಂಪು ತುಕ್ಕಿದೆ. ಗೆಳೆಯ ಒಬ್ಬ ವಿನೆಗರ್‌ನಲ್ಲಿ ಒಂದು ರಾತ್ರಿ ನೆನೆಸಿ ವೈರ್ ಬ್ರಶ್ ಹಾಕು ಅಂತಾನೆ, ಕೈ ಬರ್ತಿಲ್ಲ.

ಇನ್ನೊಂದು ಪ್ರಶ್ನೆನೇ ದೊಡ್ಡದು. ಪರಿಚಯದ ಸಂಗ್ರಾಹಕರೊಬ್ರು ಇದನ್ನ ಕೊಡು, ನನ್ನ ಫುಚಿ-ಕಶಿರಾ ಜೋಡಿ ತಗೋ ಅಂತಿದಾರೆ. ಹಿಡಿಯ ಎರಡು ತುದಿಗೆ ಬರೋ ಜೋಡಿ, ಶಾಕುದೋ ಲೋಹ, ನನಾಕೊ ಹಿನ್ನೆಲೆ (ಸಣ್ಣ ಸಣ್ಣ ಕಾಳು ಹೊಡೆದಿದ್ದು), ಮೇಲೆ ಚಿನ್ನದ ಸಿಂಹ ಮತ್ತೆ ಪಿಯೋನಿ ಹೂವು, ಫುಚಿ ಮೇಲೆ ಯೊಕೊಯಾ ಸೋಮಿನ್ ಅಂತ ಸಹಿ. ಪೇಪರ್, ಅಂದ್ರೆ ಅಸಲಿ ಅಂತ ಪರೀಕ್ಷೆ ಮಾಡಿ ಕೊಡೋ ಪ್ರಮಾಣಪತ್ರ, ಇಲ್ಲ. ನಿಂದಕ್ಕೆ ಸಹಿನೇ ಇಲ್ಲ, ನಂದು ಸೋಮಿನ್, ನಿಂಗೇ ಲಾಭ ಅಂತಾರೆ. ತುಂಬಾ ಒಳ್ಳೆ ಮನುಷ್ಯ, ಮೋಸ ಮಾಡೋರಲ್ಲ. ಏನ್ಮಾಡ್ಲಿ?

ಹಳೇಕಬ್ಬಿಣ:
ಮೊದಲು ಆ ವಿನೆಗರ್ ಬಾಟ್ಲಿ ಅಡುಗೆಮನೆಗೆ ವಾಪಸ್ ಇಡಿ, ದಯವಿಟ್ಟು. ಹತ್ತು ವರ್ಷದ ಹಿಂದೆ ನಾನು ಒಂದು ಕಬ್ಬಿಣದ ತ್ಸುಬಾನ ತುಕ್ಕು ತೆಗೆಯೋ ದ್ರಾವಣಕ್ಕೆ ಹಾಕಿದ್ದೆ, ಬೆಳಿಗ್ಗೆ ತೆಗೆದು ನೋಡಿದ್ರೆ ಕೆಂಪೂ ಹೋಗಿತ್ತು ಕಪ್ಪೂ ಹೋಗಿತ್ತು, ಬೂದಿ ಬಣ್ಣದ ಬೋಳು ತಟ್ಟೆ ಉಳಿದಿತ್ತು. ಮುನ್ನೂರು ನಾನೂರು ವರ್ಷ ಕೈಯಿಂದ ಕೈಗೆ ಹೋಗಿ ಕೂತಿದ್ದ ಬಣ್ಣ ಒಂದು ರಾತ್ರಿಗೆ ಹೋಯ್ತು, ಈಗಲೂ ಅದನ್ನ ಪೆಟ್ಟಿಗೆಯಿಂದ ತೆಗೆಯೋಕೆ ಮನಸ್ಸು ಬರಲ್ಲ.

ಆ ಕಪ್ಪು ಪದರನೂ ತುಕ್ಕೇ, ಆದ್ರೆ ಗಟ್ಟಿಯಾಗಿ ಕೂತ ತುಕ್ಕು, ಅದೇ ಕಬ್ಬಿಣನ ಕಾಯೋದು. ತೊಂದ್ರೆ ಕೊಡೋದು ಪುಡಿ ಪುಡಿ ಆಗೋ ಕೆಂಪು ಮಾತ್ರ. ಅದಕ್ಕೆ ಜಿಂಕೆ ಕೊಂಬಿನ ಚೂರು ಇಲ್ಲಾ ಮೂಳೆ ಚೂರು, ತುದಿ ಉಳಿ ಥರ ಉಜ್ಜಿಕೊಂಡು ಆ ಜಾಗದಲ್ಲಷ್ಟೇ ಮೆಲ್ಲಗೆ ಕೆರೀಬೇಕು. ಕೊಂಬು ಕಬ್ಬಿಣಕ್ಕಿಂತ ಮೆತ್ತಗೆ, ಅದಕ್ಕೆ ಕೆಂಪು ಬಿಟ್ಕೊಳತ್ತೆ, ಕೆಳಗಿನ ಕಪ್ಪಿಗೆ ಗೀರು ಬೀಳಲ್ಲ. ಆಮೇಲೆ ಒಣ ಹತ್ತಿಬಟ್ಟೆಲಿ ದಿನಾ ಹತ್ತು ನಿಮಿಷ ತಿಕ್ಕಿ. ಎಣ್ಣೆ ಸುರಿಯೋದೇನೂ ಬೇಡ. ತಿಂಗಳುಗಟ್ಟಲೆ ಹಿಡಿಯತ್ತೆ, ಹಿಡೀಲಿ ಬಿಡಿ. ಮತ್ತೆ ಈ ತಿಕ್ಕೋದು ಕಬ್ಬಿಣಕ್ಕೆ ಮಾತ್ರ, ಶಾಕುದೋ ಇಲ್ಲಾ ಶಿಬುಇಚಿ (ತಾಮ್ರ ಬೆಳ್ಳಿ ಬೆರೆಸಿದ ಲೋಹ) ಸಾಮಾನಿಗೆ ಹಾಗೆ ಮಾಡಿದ್ರೆ ಬಣ್ಣನೇ ಹೋಗ್ಬಿಡತ್ತೆ.

ಇನ್ನೊಂದು, ಎರಕದ್ದಲ್ಲ ಅಂತ ನೋಡ್ಕೊಂಡ್ರಾ? ಕೊರೆದ ಜಾಗದ ಒಳಗೋಡೆನ ಬೆಳಕಿಗೆ ಹಿಡಿದು ನೋಡಿ. ಎರಕ ಹೊಯ್ದಿದ್ರೆ ಗೋಡೆ ಮಧ್ಯದಲ್ಲಿ ಗೆರೆ ಥರ ಬೆಸುಗೆ ಗುರುತು, ಸಣ್ಣ ಗುಳ್ಳೆ ತೂತು, ಮೊಂಡು ಮೂಲೆ ಕಾಣತ್ತೆ. ಬಡಿದು ಮಾಡಿದ ತಟ್ಟೆನ ಕೊರೆದಿದ್ರೆ ಅರದ ಗೀರು ಸಿಗತ್ತೆ.

ಶಾಕುದೋ_ಪ್ರೀತಿ:
ತುಕ್ಕಿನ ವಿಷಯದಲ್ಲಿ ಮೇಲೆ ಸರ್ ಹೇಳಿದ್ದಕ್ಕೆ ಸೇರಿಸೋದು ಏನೂ ಇಲ್ಲ, ನಾನು ಅದಲುಬದಲಿನ ಬಗ್ಗೆ ಹೇಳ್ತೀನಿ, ನಾನು ಸೇರಿಸೋದೇ ಆ ಮೆತ್ತನೆ ಲೋಹದ ಸಾಮಾನು.

ಸೋಮಿನ್ (1670–1733) ಅಂದ್ರೆ ಎಡೋ (ಈಗಿನ ಟೋಕಿಯೋ) ಊರಿನ ಅತಿ ದೊಡ್ಡ ಹೆಸರು. ಅಲ್ಲಿವರೆಗೆ ಗೊತೊ ಮನೆತನದವರು ಶೋಗನ್ನರಿಗೆ ಅಂತ ಒಂದು ಕಟ್ಟುನಿಟ್ಟು ಶೈಲಿಲಿ ಕೆತ್ತುತಿದ್ರು, ಸೋಮಿನ್ ಅದನ್ನ ಬಿಟ್ಟು ಪೇಟೆ ಜನಕ್ಕೆ ಕೆತ್ತೋ ದಾರಿ ಹಿಡಿದ್ರು, ಚಾಣದಲ್ಲೇ ಬ್ರಶ್ ಎಳೆದ ಹಾಗೆ ಗೆರೆ ಎಳೆಯೋರು. ಹೆಸರು ದೊಡ್ಡದಾದಷ್ಟೂ ಖೋಟಾ ಸಹಿ ಜಾಸ್ತಿ, ಇದಕ್ಕೆ ಗಿಮೇ ಅಂತಾರೆ. ಸೋಮಿನ್ ಸಹಿ ಇದ್ದು ಪೇಪರ್ ಇಲ್ಲ ಅಂದ್ರೆ ಖೋಟಾ ಅಂತಾನೇ ಅಂದುಕೊಂಡು ಶುರು ಮಾಡಿ, ಆಮೇಲೆ ಸಾಮಾನು ನಿಮ್ಮನ್ನ ಒಪ್ಪಿಸಲಿ. ನಿಮ್ಮ ಪರಿಚಯದವರು ಒಳ್ಳೆಯವರೇ ಇರಬಹುದು, ಅವರಿಗೆ ಕೊಟ್ಟವರೂ ಒಳ್ಳೆಯವರೇ ಇರಬಹುದು, ಸಹಿ ಹಾಕಿದೋನು ಯಾರು ಅನ್ನೋದಷ್ಟೇ ಪ್ರಶ್ನೆ.

ಮೊದಲು ಸಹಿನ ಮರೆತು ಕೆಲಸ ನೋಡಿ. ಹತ್ತು ಪಟ್ಟು ದೊಡ್ಡದು ಮಾಡೋ ಲೂಪ್ ತಗೊಂಡು ನನಾಕೊ ನೋಡಿ. ಮೀನಿನ ಮೊಟ್ಟೆ ಥರ ಒತ್ತೊತ್ತಾಗಿರೋ ಆ ಕಾಳುಗಳನ್ನ ತುದಿ ಬಟ್ಟಲಿನ ಹಾಗಿರೋ ಚಾಣ ಇಟ್ಟು ಒಂದೊಂದಾಗಿ ಹೊಡೀತಾರೆ. ಒಳ್ಳೆ ಕೆಲಸದಲ್ಲಿ ಸಾಲು ಎಲ್ಲೂ ಅಲುಗಲ್ಲ, ಸಿಂಹದ ಕಾಲು ಮುಟ್ಟೋ ಜಾಗದಲ್ಲೂ ಕಾಳು ಪೂರ್ತಿ ಗುಂಡಗೆ ನಿಂತಿರತ್ತೆ. ಅಗ್ಗದ ಕೆಲಸದಲ್ಲಿ ಅಲ್ಲೇ ಸಾಲು ಸೊಟ್ಟ ಆಗಿ ಕಾಳು ಒಂದರ ಮೇಲೊಂದು ಹತ್ತಿರತ್ತೆ. ಆಮೇಲೆ ಬಣ್ಣ. ಶಾಕುದೋ ಅಂದ್ರೆ ತಾಮ್ರಕ್ಕೆ ನೂರರಲ್ಲಿ ಮೂರೋ ನಾಲ್ಕೋ ಪಾಲು ಚಿನ್ನ ಸೇರಿಸಿ ದ್ರಾವಣದಲ್ಲಿ ಕುದಿಸಿದಾಗ ಬರೋ ನೀಲಿಗಪ್ಪು, ಹಗಲು ಬೆಳಕಲ್ಲಿ ಕಾಗೆ ರೆಕ್ಕೆ ಥರ ಕಾಣ್ಬೇಕು. ಸವೆದ ಮೂಲೆಲಿ ಹಿತ್ತಾಳೆ ಹಳದಿ ಇಣುಕಿದ್ರೆ ಅದು ಶಾಕುದೋನೇ ಅಲ್ಲ.

ರ್ಯೋಗೊಕು_ದಾರಿ:
ಮೇಡಂ ಹೇಳಿದ್ದು ಸರಿ, ಆದ್ರೆ ಒಂದು ಮಾತು ಒಪ್ಪಲ್ಲ. ಗಿಮೇ ಅಂದ ತಕ್ಷಣ ಸಾಮಾನು ಕೆಟ್ಟದು ಅಂತಲ್ಲ. ಚೆನ್ನಾಗಿ ಕೆತ್ತಿರೋ ಫುಚಿ ಮೇಲೆ ಆಮೇಲೆ ಯಾರೋ ದುಡ್ಡಿನಾಸೆಗೆ ಸಹಿ ಹಾಕಿರ್ತಾರೆ, ಅಂಥದ್ದು ನನ್ನ ಹತ್ರನೇ ಇದೆ, ಅದರ ಬೆಲೆಗೆ ಸಿಕ್ರೆ ಖುಷಿಯಿಂದ ಇಟ್ಕೋಬಹುದು. ಸೋಮಿನ್ ಬೆಲೆ ಲೆಕ್ಕದಲ್ಲಿ ಮಾತ್ರ ಬದಲಿಸ್ಕೋಬೇಡಿ.

ಸಹಿ ಇಲ್ಲ ಅಂದ್ರೆ ಬೆಲೆ ಕಮ್ಮಿ ಅನ್ನೋ ವಾದನಂತೂ ನಿಮ್ಮ ತ್ಸುಬಾಗೆ ಹೊಂದೋದೇ ಇಲ್ಲ. ಹಳೆ ಓವಾರಿ ಸುಕಾಶಿಗೆ ಸಹಿ ಹಾಕೋ ರೂಢಿನೇ ಇರಲಿಲ್ಲ, ಸಹಿ ಇದ್ದಿದ್ರೇ ಅನುಮಾನ ಪಡಬೇಕಿತ್ತು.

ಇಷ್ಟೊಂದು ಬಿಡಿ ಸಾಮಾನು ಸಂತೆಲಿ ಸಿಗೋದಕ್ಕೆ ಕಾರಣನೂ ಗೊತ್ತಿರಲಿ. 1876ರಲ್ಲಿ ಮೇಜಿ ಸರ್ಕಾರ ಕತ್ತಿ ಸಿಕ್ಕಿಸಿಕೊಂಡು ಓಡಾಡೋದನ್ನ ನಿಲ್ಲಿಸ್ತು, ಕೆತ್ತೋರಿಗೆ ಗಿರಾಕಿನೇ ಇಲ್ಲದ ಹಾಗಾಯ್ತು. ಕಾನೊ ನತ್ಸುವೊ ಅಂಥ ದೊಡ್ಡ ಕೆತ್ತನೆಗಾರರು ಅದಕ್ಕೂ ಮುಂಚೆನೇ ಸರ್ಕಾರದ ಟಂಕಸಾಲೆಗೆ ನಾಣ್ಯದ ಮಾದರಿ ಕೆತ್ತಿದ್ರು, ಉಳಿದವರು ಹೊರದೇಶದವರಿಗೆ ಅಲಂಕಾರದ ಸಾಮಾನು ಮಾಡಿದ್ರು. ಮನೆಮನೆಯ ಕತ್ತಿಯಿಂದ ಬಿಚ್ಚಿದ ತ್ಸುಬಾಗಳು ಬಿಡಿಬಿಡಿಯಾಗಿ ಮಾರಾಟ ಆದ್ವು. ಹಾಗಾಗಿ ಒಂದೇ ಪೆಟ್ಟಿಗೆಲಿ ಅಪ್ಪಟದ್ದು, ಕೊಳ್ಳೋರಿಗೆ ಅಂತ ಮಾಡಿದ್ದು, ಸಹಿ ಸೇರಿಸಿದ್ದು ಎಲ್ಲ ಬೆರೆತಿರತ್ತೆ.

ನನ್ನ ಸಲಹೆ, ಬದಲಿಸೋ ಮುಂಚೆ ಇಬ್ರೂ ನಿಮ್ಮ ನಿಮ್ಮ ಸಾಮಾನನ್ನ ಎನ್‌ಬಿಟಿಎಚ್‌ಕೆ ಪರೀಕ್ಷೆಗೆ ಕೊಡಿ. 1948ರಲ್ಲಿ ಶುರುವಾದ ಕತ್ತಿ ಸಂರಕ್ಷಣಾ ಸಂಘ ಅದು, ಅವರ ಮ್ಯೂಸಿಯಂ 2018ರಿಂದ ಟೋಕಿಯೋದ ರ್ಯೋಗೊಕುನಲ್ಲಿದೆ. ಹೊಝೋನ್ ಅನ್ನೋದು ಮೊದಲ ಮೆಟ್ಟಿಲು, ಆಮೇಲೆ ತೊಕುಬೆತ್ಸು ಹೊಝೋನ್, ಅದರ ಮೇಲೆ ಜೂಯೋ. ಸಹಿ ಖೋಟಾ ಅಂತ ಕಂಡ್ರೆ ಪೇಪರ್ ಕೊಡಲ್ಲ. ಯಾರಾದ್ರೂ 1982ಕ್ಕಿಂತ ಮುಂಚಿನ ಹಳೆ ಪದ್ಧತಿಯ ಪೇಪರ್ ತೋರಿಸಿದ್ರೂ ಮತ್ತೆ ಕಳಿಸೋದೇ ವಾಸಿ.

ನಗೋಯಾವಾಸಿ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಲೂಪ್ ತಂದು ಎರಡು ಸಂಜೆ ಕೂತು ನೋಡಿದೆ. ಒಳಗೋಡೆಲಿ ಗುಳ್ಳೆ ಇಲ್ಲ, ಮಧ್ಯದ ಗೆರೆ ಇಲ್ಲ, ಕೈ ತಲುಪದ ಮೂಲೆಲಿ ಅರದ ಗೀರು ಓರೆಯಾಗಿ ಸ್ಪಷ್ಟ ಇದೆ. ಅಲಗಿನ ಬುಡ ತೂರೋ ನಕಾಗೊ-ಆನಾ ತೂತಲ್ಲಿ ಮೇಲೂ ಕೆಳಗೂ ತಾಮ್ರದ ತುಂಡು ತುಂಬಿದಾರೆ, ಸೆಕಿಗಾನೆ. ಕೆಳಗಿಂದು ಕಪ್ಪಾಗಿ ಕಬ್ಬಿಣದಲ್ಲೇ ಬೆರೆತು ಹೋಗಿದೆ, ಮೇಲಿಂದು ಇನ್ನೂ ಕೆಂಪಗಿದೆ, ಅಂದ್ರೆ ಒಂದಕ್ಕಿಂತ ಜಾಸ್ತಿ ಕತ್ತಿಗೆ ಹೊಂದಿಸಿದಾರೆ ಅಂತ ತಾನೇ? ಅದನ್ನ ನೋಡಿದ್ಮೇಲೆ ಕೊಡೋಕೆ ಮನಸ್ಸೇ ಬರ್ತಿಲ್ಲ.

ಅವರ ಫುಚಿನೂ ಅವರ ಮುಂದೆನೇ ನೋಡಿದೆ. ಸಿಂಹದ ಬಾಲದ ಹತ್ರ ನನಾಕೊ ಸಾಲು ಅಲುಗಿದೆ, ಎರಡು ಮೂರು ಕಾಳು ಚಪ್ಪಟೆ ಆಗಿದೆ. ಲೂಪ್ ಅವರ ಕೈಗೇ ಕೊಟ್ಟೆ, ತುಂಬಾ ಹೊತ್ತು ನೋಡಿದ್ರು, ಆಮೇಲೆ ನೀನು ಟೋಕಿಯೋಗೆ ಹೋಗೋವಾಗ ಇದನ್ನೂ ತಗೊಂಡು ಹೋಗ್ತೀಯಾ ಅಂತ ಕೇಳಿದ್ರು. ಒಪ್ಪಿಕೊಂಡೆ. ಅದಲುಬದಲು ಸದ್ಯಕ್ಕೆ ಇಲ್ಲ.

ಈ ಜಿಂಕೆ ಕೊಂಬಿನ ಚೂರು ಎಲ್ಲಿ ಹುಡುಕಲಿ?

ಹಳೇಕಬ್ಬಿಣ:
ಹೌದು, ಸೆಕಿಗಾನೆ ಹಾಕೋದು ಅಲಗಿಗೆ ಬಿಗಿಯಾಗಿ ಕೂರಲಿ ಅಂತಾನೇ. ಕೊಂಬಿಗೆ ನಾರಾಗೆ ಹೋಗಿ, ಅಲ್ಲಿ ಕೊಂಬಿನ ಸಾಮಾನು ಮಾರ್ತಾರೆ. ಕೊಂಬಿಂದೇ ಒಂದು ಗುಂಡಿ ತಗೊಂಡು ಅಂಚು ಉಜ್ಜಿಕೊಂಡ್ರೂ ನಡೆಯತ್ತೆ. ಮೊದಲು ಹಿಂಬದಿಯ ತುಕ್ಕಲ್ಲಿ ಶುರು ಮಾಡಿ, ಕೈ ಪಳಗಿದ ಮೇಲೆ ಮುಂದಿಂದು.