ಆಟಿ ಅಮಾವಾಸ್ಯೆಯ ಕಷಾಯ: ಹಾಳೆ ಮರ ಯಾವುದು, ಕಾಸರಕ ಯಾವುದು?

ಕೇಳಿದವರು, ಬೆಂಗಳೂರಿನಿಂದ

ಆಟಿ (ತುಳು ತಿಂಗಳು) ಅಮಾವಾಸ್ಯೆಗೆ ಕಾರ್ಕಳದ ಹತ್ತಿರ ಗಂಡನ ಮನೆಗೆ ಹೋಗುತ್ತಿದ್ದೇವೆ. ಆ ದಿನ ಬೆಳಿಗ್ಗೆ ಹಾಳೆ ಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯ ಕುಡಿಯುವುದು ಅಲ್ಲಿನ ಕ್ರಮ. ಇಷ್ಟು ವರ್ಷ ಹಾಳೆ ಮರದ ಕೆತ್ತೆ ತರುತ್ತಿದ್ದದ್ದು ಮಾವ. ಈಗ ಅವರಿಗೆ ಕಣ್ಣು ಮಂಜು, ಗುಡ್ಡ ಹತ್ತಲು ಆಗುವುದಿಲ್ಲ. ಈ ಸಲ ನನ್ನ ಗಂಡ ಮತ್ತು ಮೈದುನ ಹೋಗುತ್ತಾರಂತೆ. ಇಬ್ಬರೂ ಹಾಸ್ಟೆಲಿನಲ್ಲಿ ಇದ್ದು ಓದಿದವರು, ಮಾವಿನ ಮರ ಗುರುತಿಸಿದರೆ ದೊಡ್ಡದು. ಹಾಳೆ ಅಂದುಕೊಂಡು ಕಾಸರಕದ ತೊಗಟೆ ತಂದು ಕುಡಿದು ಜೀವ ಹೋದ ಸುದ್ದಿ ಓದಿದ್ದೇನೆ. ಬೇಡ ಅಂದರೆ ಮನೆಯಲ್ಲಿ ಬೇಜಾರು. ಗೊತ್ತಿದ್ದವರು ಹೇಳಿ. ಮಕ್ಕಳಿಗೆ ಕೊಡಬಹುದಾ?

ಬೆಳ್ತಂಗಡಿ ಕಡೆಯ ಕೃಷಿಕರು

ಅಕ್ಕ, ಮೊದಲ ಮಾತು: ಕತ್ತಲೆಯಲ್ಲಿ ಮರ ಹುಡುಕಲು ಕಳಿಸಬೇಡಿ. ತೊಂದರೆ ಆಗುವುದೇ ಅಲ್ಲಿ. ಸೂರ್ಯ ಹುಟ್ಟುವ ಮೊದಲು ಕೆತ್ತೆ ತರಬೇಕು, ಕತ್ತಿ ಮುಟ್ಟಿಸಬಾರದು, ಕಲ್ಲಿನಲ್ಲೇ ಜಜ್ಜಿ ತೆಗೆಯಬೇಕು ಅನ್ನುವ ಕ್ರಮ ಇದೆ. ಹಿಂದೆ ಬೆತ್ತಲೆಯಾಗಿ ಹೋಗಬೇಕಿತ್ತು, ಅದನ್ನು ಈಗ ಯಾರೂ ಕೇಳುವುದಿಲ್ಲ ಬಿಡಿ. ಮರದ ಗುರುತಿದ್ದ ಹಿರಿಯರಿಗೆ ಕತ್ತಲೆ ಲೆಕ್ಕಕ್ಕಿರಲಿಲ್ಲ. ಈಗಿನವರು ಮೊಬೈಲ್ ಟಾರ್ಚ್ ಹಿಡಿದು ಬರೀ ಕಾಂಡ ನೋಡುತ್ತಾರೆ. ಮಳೆಗಾಲದಲ್ಲಿ ಪಾಚಿ ಹಿಡಿದ ಕಾಂಡ ಎಲ್ಲ ಒಂದೇ ತರ ಕಾಣುತ್ತದೆ ಮಾರಾಯ್ರೆ.

ನಮ್ಮ ಮನೆಯಲ್ಲಿ ಹಿಂದಿನ ದಿನ ಹಗಲಲ್ಲೇ ಹೋಗಿ ಮರಕ್ಕೆ ಬಾಳೆನಾರು ಕಟ್ಟಿ ಬರುತ್ತೇವೆ. ಬೆಳಿಗ್ಗೆ ನಾರು ಇರುವ ಮರಕ್ಕೆ ಮಾತ್ರ ಕಲ್ಲು.

ಗುರುತು ಎಲೆಯಲ್ಲಿದೆ. ಹಾಳೆ ಮರದಲ್ಲಿ ಒಂದೇ ಗಂಟಿನಿಂದ ಸುತ್ತಲೂ ಎಲೆ ಹೊರಡುತ್ತದೆ, ಸಾಮಾನ್ಯವಾಗಿ ಏಳು, ಕೆಲವೊಮ್ಮೆ ಐದು ಅಥವಾ ಆರು. ಸಪ್ತಪರ್ಣಿ ಅಂತ ಕರೆಯುವುದು ಇದನ್ನೇ. ಕೊಂಬೆಗಳೂ ಹಾಗೆಯೇ ಸುತ್ತಲೂ ಹೊರಟು ಅಂತಸ್ತು ಅಂತಸ್ತಾಗಿ ಕಾಣುತ್ತವೆ. ಕಾಸರಕದಲ್ಲಿ (ತುಳುವಿನಲ್ಲಿ ಕಾಯೆರ್) ಎಲೆ ಎದುರುಬದುರು ಎರಡೇ. ಅಗಲ ಎಲೆ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ, ಬುಡದಿಂದಲೇ ಮೂರೋ ಐದೋ ನರ ಎದ್ದು ಕಾಣುತ್ತವೆ. ಹಣ್ಣಿದ್ದರೆ ಕಿತ್ತಳೆಯ ಬಣ್ಣ, ಉರುಟು. ಹಾಳೆಯ ಕಾಯಿ ಹಗ್ಗದ ಹಾಗೆ ತೆಳ್ಳಗೆ, ಜೋಡಿಯಾಗಿ ನೇತಾಡುತ್ತದೆ.

ಮರ ಎತ್ತರ ಇದ್ದು ಎಲೆ ಸರಿಯಾಗಿ ಕಾಣದಿದ್ದರೆ ಆ ಮರವೇ ಬೇಡ.

ಪುತ್ತೂರಿನಿಂದ ಒಬ್ಬರು

ಇಷ್ಟೆಲ್ಲ ಯಾಕೆ? ತೊಗಟೆಗೆ ಒಂದು ಏಟು ಕೊಟ್ಟರೆ ಹಾಳೆಯಲ್ಲಿ ಬಿಳಿ ಹಾಲು ಬರುತ್ತದೆ. ಕಾಸರಕದಲ್ಲಿ ಹಾಲಿಲ್ಲ. ಅಷ್ಟು ಸಾಕು.

ಬೆಳ್ತಂಗಡಿ ಕಡೆಯ ಕೃಷಿಕರು

ಹಾಲು ಬರದಿದ್ದರೆ ಬಿಟ್ಟು ಬನ್ನಿ ಅನ್ನುವುದಕ್ಕೆ ಅದು ಸಾಕು. ಹಾಲು ಬಂತು, ಆದ್ದರಿಂದ ಹಾಳೆಯೇ ಅನ್ನಲು ಸಾಲದು. ಹಳದಿ ಕಣಗಿಲೆಯಲ್ಲೂ ಬಿಳಿ ಹಾಲಿದೆ, ಅದು ಹೃದಯಕ್ಕೇ ಕೈ ಹಾಕುವ ವಿಷ. ಹಾಲನ್ನೂ ನೋಡಿ, ಎಲೆಯನ್ನೂ ನೋಡಿ. ಇನ್ನು ಕೆಲವರು ನಾಲಿಗೆಗೆ ಮುಟ್ಟಿಸಿ ನೋಡುತ್ತಾರೆ. ಹಾಳೆಯೂ ಕಹಿ, ಕಾಸರಕವೂ ಕಹಿ. ಅದರಿಂದ ಏನೂ ಗೊತ್ತಾಗುವುದಿಲ್ಲ.

ತುರ್ತು ಚಿಕಿತ್ಸಾ ಘಟಕದಲ್ಲಿ ಕೆಲಸ ಮಾಡಿದ ನರ್ಸ್

ಊರಿನ ಹೆಸರು ಬೇಡ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಒಂದೇ ಮನೆಯವರು ಒಟ್ಟಿಗೆ ಬಂದದ್ದನ್ನು ನೋಡಿದ್ದೇನೆ. ಕಾಸರಕದಲ್ಲಿರುವುದು ಸ್ಟ್ರಿಕ್ನಿನ್ ಮತ್ತು ಬ್ರೂಸಿನ್. ಬೀಜದಲ್ಲಿ ಮಾತ್ರವಲ್ಲ, ತೊಗಟೆಯಲ್ಲೂ ಇವೆ. ನಮ್ಮ ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಹಿಡಿತದಲ್ಲಿಡುವ ಒಂದು ವ್ಯವಸ್ಥೆ ಇದೆ. ಸ್ಟ್ರಿಕ್ನಿನ್ ಅದನ್ನು ತಡೆಯುತ್ತದೆ. ಆಮೇಲೆ ಮೈಯ ಸ್ನಾಯುಗಳೆಲ್ಲ ಒಟ್ಟಿಗೆ ಬಿಗಿಯುತ್ತವೆ.

ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಶುರುವಾಗುತ್ತದೆ. ಚಡಪಡಿಕೆ, ಕುತ್ತಿಗೆ ಬಿಗಿತ, ದವಡೆ ಕಚ್ಚಿಕೊಳ್ಳುವುದು, ಕೈಕಾಲು ಅದುರುವುದು. ಬಾಗಿಲು ದಡಾರನೆ ಹಾಕಿದರೂ ಸಾಕು, ಸೆಳೆತ ಬರುತ್ತದೆ. ಕ್ರೂರ ಅನ್ನಿಸುವುದು ಏನೆಂದರೆ ಪ್ರಜ್ಞೆ ಹೋಗುವುದಿಲ್ಲ, ಅವರಿಗೆ ಎಲ್ಲ ಗೊತ್ತಾಗುತ್ತಿರುತ್ತದೆ. ಎದೆಯ ಸ್ನಾಯು ಬಿಗಿದು ಉಸಿರಾಟ ನಿಂತೇ ಸಾಯುವುದು.

ಇದಕ್ಕೆ ಅಂತ ಬೇರೆ ಪ್ರತಿವಿಷ ಇಲ್ಲ. ಸೆಳೆತ ನಿಲ್ಲಿಸುವ ಇಂಜೆಕ್ಷನ್, ಬೇಕಾದರೆ ವೆಂಟಿಲೇಟರ್, ಸದ್ದಿಲ್ಲದ ಕೋಣೆ. ಸಮಯಕ್ಕೆ ಬಂದವರು ಉಳಿಯುತ್ತಾರೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ವಾಂತಿಯ ನಡುವೆ ಸೆಳೆತ ಬಂದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮಜ್ಜಿಗೆ, ಎಳನೀರು ಅಂತ ಹೊತ್ತು ಕಳೆಯುವುದೂ ಬೇಡ. ತಕ್ಷಣ 108ಕ್ಕೆ ಫೋನ್ ಮಾಡಿ. ಉಳಿದ ಕೆತ್ತೆಯ ಒಂದು ತುಂಡು ಜೊತೆಗೆ ತನ್ನಿ, ವೈದ್ಯರಿಗೆ ತುಂಬ ಉಪಯೋಗ.

ಇನ್ನೊಂದು. ಬೆಣಚುಕಲ್ಲು ಕೆಂಪಗೆ ಕಾಯಿಸಿ ಕಷಾಯಕ್ಕೆ ಹಾಕಿದರೆ ನಂಜು ಹೋಗುತ್ತದೆ ಅನ್ನುವವರಿದ್ದಾರೆ. ಸ್ಟ್ರಿಕ್ನಿನ್ ಬಿಸಿಗೆ ಬಗ್ಗುವುದಿಲ್ಲ.

ಆಯುರ್ವೇದ ವೈದ್ಯೆ, ಉಡುಪಿ

ಕಾಸರಕದ ಪರವಾಗಿ ನಾನೂ ಎರಡು ಮಾತು ಹೇಳಬೇಕು. ನಮ್ಮ ಶಾಸ್ತ್ರದಲ್ಲಿ ಅದು ವಿಷಮುಷ್ಟಿ. ಸಂಧಿ ನೋವು, ನರಗಳ ದೌರ್ಬಲ್ಯಕ್ಕೆ ಕೊಡುವ ಎಷ್ಟೋ ಮಾತ್ರೆಗಳಲ್ಲಿ ಇದೆ. ಆದರೆ ಬೀಜವನ್ನು ಹಾಗೇ ಬಳಸುವುದಿಲ್ಲ. ಗೋಮೂತ್ರದಲ್ಲಿ ದಿನಗಟ್ಟಲೆ ನೆನೆಸಿ, ಹಾಲಿನಲ್ಲಿ ಬೇಯಿಸಿ, ಸಿಪ್ಪೆ ಮತ್ತು ಒಳಗಿನ ಮೊಳಕೆ ತೆಗೆದು, ತುಪ್ಪದಲ್ಲಿ ಹುರಿದು ಪುಡಿ ಮಾಡುತ್ತಾರೆ. ಇಷ್ಟಾದ ಮೇಲೂ ಸ್ಟ್ರಿಕ್ನಿನ್ ಕಡಿಮೆಯಾಗುತ್ತದೆ ಅಷ್ಟೇ, ಪೂರ್ತಿ ಹೋಗುವುದಿಲ್ಲ. ಹಾಗಾಗಿ ಕೊಡುವ ಪ್ರಮಾಣ ಮಿಲಿಗ್ರಾಂ ಲೆಕ್ಕದಲ್ಲಿ. 1945ರ ಔಷಧ ನಿಯಮಗಳ ಇ-1 ಎಂಬ ವಿಷದ್ರವ್ಯಗಳ ಪಟ್ಟಿಯಲ್ಲಿ ವಿಷಮುಷ್ಟಿಯ ಜೊತೆ ದತ್ತೂರಿ, ಗುಲಗಂಜಿ, ವತ್ಸನಾಭ, ಎಕ್ಕ ಇವೆಲ್ಲ ಇವೆ. ಇವು ಸೇರಿದ ಹೊಟ್ಟೆಗೆ ತೆಗೆದುಕೊಳ್ಳುವ ಔಷಧದ ಡಬ್ಬಿಯ ಮೇಲೆ, ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕು ಎಂಬ ಎಚ್ಚರಿಕೆ ಇರಲೇಬೇಕು. ಓದದೆ ಪಕ್ಕದ ಮನೆಯವರ ಮಾತ್ರೆ ನುಂಗುವವರು ಇದನ್ನು ಗಮನಿಸಿ.

ಪಾಶ್ಚಾತ್ಯ ವೈದ್ಯದಲ್ಲೂ ಒಂದು ಕಾಲದಲ್ಲಿ ಸ್ಟ್ರಿಕ್ನಿನ್ ಶಕ್ತಿಯ ಟಾನಿಕ್ ಆಗಿತ್ತು. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಗೆದ್ದ ಥಾಮಸ್ ಹಿಕ್ಸ್‌ಗೆ ಓಟದ ನಡುವೆಯೇ ಮೊಟ್ಟೆಯ ಬಿಳಿಯ ಜೊತೆ ಸ್ಟ್ರಿಕ್ನಿನ್ ಕೊಟ್ಟಿದ್ದರು. ಗುರಿ ಮುಟ್ಟಿದಾಗ ಅವನಿಗೆ ನಿಲ್ಲಲೂ ಆಗುತ್ತಿರಲಿಲ್ಲ.

ಹಾಳೆಯ ವಿಷಯ: ಅದು ಜ್ವರಕ್ಕೆ, ಭೇದಿಗೆ ಹಳೆಯ ಮದ್ದು. ಆದರೂ ಅತಿಯಾದರೆ ಹೊಟ್ಟೆ ಕೆಡುತ್ತದೆ, ಉಷ್ಣ. ದೊಡ್ಡವರಿಗೆ ಖಾಲಿ ಹೊಟ್ಟೆಯಲ್ಲಿ ಸಣ್ಣ ಲೋಟದಲ್ಲಿ ಸ್ವಲ್ಪ, ವರ್ಷಕ್ಕೆ ಒಮ್ಮೆ. ಬೆಳ್ಳುಳ್ಳಿ, ಕರಿಮೆಣಸು, ಓಮ ಹಾಕುವುದು ಸುಮ್ನೆ ಅಲ್ಲ, ಮೇಲೆ ಮೆಂತೆ ಗಂಜಿ ಉಣ್ಣುವುದೂ ಸುಮ್ನೆ ಅಲ್ಲ. ಮಕ್ಕಳಿಗೆ, ಬಸುರಿಯರಿಗೆ ಬೇಡ ಅಂತಲೇ ನಾನು ಹೇಳುವುದು. ಮಕ್ಕಳಿಗೆ ಗಂಜಿ ಕೊಡಿ, ಅವರಿಗೂ ಅದೇ ಇಷ್ಟ.

ಶಿರಸಿಯಿಂದ ಒಬ್ಬರು

ನಮ್ಮಲ್ಲಿ ಈ ಕಷಾಯ ಇಲ್ಲ, ಆದರೆ ಕಾಸರಕ ಬೇಕಾದಷ್ಟಿದೆ. ಮಂಗಟ್ಟೆ ಹಕ್ಕಿ ಅದರ ಹಣ್ಣು ತಿನ್ನುತ್ತದೆ. ಹಕ್ಕಿ ತಿಂದದ್ದು ನಮಗೂ ಆಗುತ್ತದೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಾಗೇ ಗೌರಿ ಹೂವಿನ ಗಡ್ಡೆಯನ್ನು ಗೆಣಸು ಅಂತ ಬೇಯಿಸಬೇಡಿ. ಅದರಲ್ಲಿರುವ ಕಾಲ್ಚಿಸಿನ್ ಗೌಟ್ ಅನ್ನುವ ಕೀಲುನೋವಿಗೆ ಡಾಕ್ಟರು ಕೊಡುವ ಮದ್ದು. ಬೇಯಿಸಿ ತಿಂದರೆ ಮೊದಲು ವಾಂತಿ, ಭೇದಿ, ಆಮೇಲೆ ಒಂದೊಂದೇ ಅಂಗ ಸೋಲುತ್ತದೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಇದನ್ನೆಲ್ಲ ಮಾವನಿಗೆ ಫೋನಿನಲ್ಲಿ ಓದಿ ಹೇಳಿದೆ. ಹಗಲು ಹೋಗಿ ಗುರುತು ಕಟ್ಟಿ ಬರಲಿ ಅಂದರು. ಎಲೆಯಿರುವ ಗೆಲ್ಲು ತಂದು ಕೈಗೆ ಕೊಟ್ಟರೆ ಮುಟ್ಟಿಯೇ ಹೇಳುತ್ತಾರಂತೆ. ಊರಲ್ಲಿ ಸಂಘದವರು ಹಂಚುವ ಕಷಾಯ ತಂದರೆ ಹೇಗೆ ಅಂತಲೂ ಮೈದುನ ಕೇಳುತ್ತಿದ್ದಾನೆ.

ಪುತ್ತೂರಿನಿಂದ ಒಬ್ಬರು

ತರಬಹುದು. ಕೆತ್ತೆ ಯಾರು ತಂದದ್ದು, ಮರ ಯಾರ ಜಾಗದ್ದು ಅಂತ ಮುಂಚೆಯೇ ಕೇಳಿ. ಪ್ರತಿ ವರ್ಷ ಮಾಡುವವರಾದರೆ ಕೂಡಲೇ ಹೇಳುತ್ತಾರೆ. ಮತ್ತೆ ಮಾವನವರಿಗೆ ಕೊಡಲು ಒಂದು ಗಂಟು ಪೂರ್ತಿ ಇರುವ ಗೆಲ್ಲೇ ಮುರಿದು ತನ್ನಿ, ಉದುರಿದ ಎಲೆ ತಂದರೆ ಅವರಾದರೂ ಏನು ಹೇಳುತ್ತಾರೆ?